ಈರಕ್ಕನಿಗೆ ಹಾಕಿದ ನೆಲ

ಆಗ ನಮ್ಮ ಕಡೆ ನೆಲವೆಂದರೆ ಒಮ್ಮೆ ಹಾಕಿಸಿ ಮರೆತುಬಿಡುವ ವಸ್ತುವಾಗಿರಲಿಲ್ಲ. ದನಕರುಗಳ ಹಾಗೆ ಅದನ್ನೂ ನೋಡಿಕೊಳ್ಳಬೇಕಿತ್ತು. ಸೋಮವಾರಕ್ಕೊಮ್ಮೆ ಸೆಗಣಿ ಹಾಕಿ ಸಾರಿಸಬೇಕು, ಮಳೆಗಾಲಕ್ಕೆ ಮೊದಲು ಕೆಮ್ಮಣ್ಣು ಮೆತ್ತಬೇಕು, ಇಲಿ ತೋಡಿದಲ್ಲಿ ಕಲ್ಲು ತುರುಕಿ ಬಡಿಯಬೇಕು. ಹಸಿ ಸೆಗಣಿ, ಒಲೆಯ ಬೂದಿ, ಗೋಡೆಯಂಚಿಗೆ ಎಳೆದ ಸುಣ್ಣದ ಪಟ್ಟಿ, ಈ ಮೂರೂ ಕೂಡಿದ ವಾಸನೆ ನನ್ನ ವಯಸ್ಸಿನವರ ಮೂಗಿನಲ್ಲಿ ಇನ್ನೂ ಉಳಿದಿರಬಹುದು. ಅಂಥ ಕಾಲದಲ್ಲಿ, ಒಂದು ಬೇಸಿಗೆ, ನಮ್ಮ ಹಿತ್ತಲಿನಲ್ಲಿ ಬೇರೊಂದು ಬಗೆಯ ನೆಲ ಹಾಕಲು ಹೊರಟೆವು. ಹೊರಟೆವು ಎನ್ನುತ್ತೇನೆ, ಏಕೆಂದರೆ ಎಂಟೋ ಒಂಬತ್ತೋ ವರ್ಷದ ನಾನೂ ಅದರಲ್ಲಿ ಪೂರ್ತಿ ಪಾಲುದಾರಳು ಎಂದೇ ತಿಳಿದಿದ್ದೆ.

ಮುಂದೆ ನಾನು ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದಿದೆ. ದಿನಚರಿ ಬರೆಯುವ ಅಭ್ಯಾಸ ಅಲ್ಲಿಂದ ಬಂತು, ಜೊತೆಗೆ ನನ್ನ ನೆನಪನ್ನೇ ನಂಬದಿರುವ ಅಭ್ಯಾಸವೂ ಬಂತು. ಆ ಬೇಸಿಗೆಗೆ ದಿನಚರಿ ಇಲ್ಲ. ಇರುವುದು ನನ್ನ ತಲೆ, ಮತ್ತು ನನ್ನ ಅಕ್ಕ ಈರಕ್ಕ ಜೀವಮಾನವಿಡೀ ಹೇಳುತ್ತಿದ್ದ ಕತೆ. ತಮಾಷೆಯೆಂದರೆ, ಈರಕ್ಕ ಆ ದಿನಗಳಲ್ಲಿ ಊರಲ್ಲೇ ಇರಲಿಲ್ಲ. ಎರಡನೆಯ ಮಹಾಯುದ್ಧ ಶುರುವಾಗಿತ್ತೋ ಇಲ್ಲವೋ ಎಂಬುದೂ ನನಗೆ ಖಾತ್ರಿಯಿಲ್ಲ. ಸೀಮೆಎಣ್ಣೆಗೆ ಇನ್ನೂ ಪರದಾಟವಿರಲಿಲ್ಲ, ರಾತ್ರಿ ಮನೆಯಲ್ಲಿ ಕಂದೀಲು ಧಾರಾಳವಾಗಿ ಉರಿಯುತ್ತಿತ್ತು. ಆದ್ದರಿಂದ ಯುದ್ಧಕ್ಕೆ ಮೊದಲೇ ಇರಬೇಕು.

ನಮ್ಮೂರು ಇರಕಲ್ಲಗಡಕ್ಕೆ ಹತ್ತಿರದ ಒಂದು ಕಲ್ಲೂರು. ಎಲ್ಲಿ ಗುದ್ದಲಿ ಹಾಕಿದರೂ ಮೊಳದ ಆಳಕ್ಕೆ ಬಂಡೆ ಸಿಗುತ್ತಿತ್ತು. ಬಂಡೆಯ ಸಂದಿಗಳಲ್ಲಿ ಚೇಳು. ಬೇಸಿಗೆಯಲ್ಲಿ ಹಾಸಿಗೆ ಕೊಡವದೆ ಯಾರೂ ಮಲಗುತ್ತಿರಲಿಲ್ಲ. ಅಪ್ಪ ಶೇಂಗಾ ವ್ಯಾಪಾರಕ್ಕೆಂದು ಸದಾ ಊರೂರು ತಿರುಗುತ್ತಿದ್ದ. ಮನೆ ಅಪ್ಪನ ತಾಯಿಯ ಕೈಯಲ್ಲಿತ್ತು. ಅಜ್ಜಿಯನ್ನು ನಾವು ಅಮ್ಮ ಅನ್ನುತ್ತಿದ್ದೆವು, ಹೆತ್ತವಳನ್ನು ಅವ್ವ.

ನಮ್ಮ ಮನೆಯಲ್ಲಿ ಹೆರಿಗೆಗಳು ಪಡಸಾಲೆಯ ಹಿಂದಿನ ಕತ್ತಲ ಮೂಲೆಯಲ್ಲಿ ಆಗುತ್ತಿದ್ದವು. ನಾನು ಹುಟ್ಟಿದ್ದು ಅಲ್ಲಿ, ನನ್ನ ಬೆನ್ನಿಗೆ ಒಬ್ಬ ತಮ್ಮ ಹುಟ್ಟಿದ್ದೂ ಅಲ್ಲಿ. ಒಂದು ರಾತ್ರಿ ನೆಲದ ಬಿರುಕಿನಿಂದ ಬಂದ ಕೆಂಪು ಚೇಳು ಅವನನ್ನು ಕಡಿಯಿತು. ಬೆಳಗಿನವರೆಗೆ ಅವನು ಉಳಿಯಲಿಲ್ಲ. ಅವನ ಮುಖ ನನಗೆ ನೆನಪಿಲ್ಲ. ಅವ್ವ ಮಾತ್ರ ಆಮೇಲೆ ಎಷ್ಟೋ ವರ್ಷ, ಕೆಲಸದ ನಡುವೆ ತಟ್ಟನೆ ಕುಕ್ಕರಗಾಲಲ್ಲಿ ಕುಳಿತು, ನೆಲದ ಬಿರುಕಿನ ಉದ್ದಕ್ಕೂ ಬೆರಳು ಎಳೆಯುತ್ತಿದ್ದದ್ದು ನೆನಪಿದೆ. ಏನು ನೋಡುತ್ತೀ ಎಂದು ಕೇಳಿದರೆ "ಏನಿಲ್ಲವ್ವ" ಎಂದು ಏಳುತ್ತಿದ್ದಳು.

ಈರಕ್ಕನನ್ನು ಯಲಬುರ್ಗಿ ಕಡೆಯ ಮಂಗಳೂರೆಂಬ ಹಳ್ಳಿಗೆ ಕೊಟ್ಟಿತ್ತು. ಅವಳು ಬಸುರಾದಳೆಂಬ ಸುದ್ದಿ ಬಂದಾಗ ಅಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ನನಗೆ ಖುಷಿ ಬೇರೆಯೇ ಕಾರಣಕ್ಕೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅಂದರೆ ಈರಕ್ಕ ತಿಂಗಳುಗಟ್ಟಲೆ ನಮ್ಮಲ್ಲಿರುತ್ತಾಳೆ. ಅವಳು ಮದುವೆಯಾಗಿ ಹೋದ ಮೇಲೆ ನನ್ನ ತಲೆ ಬಾಚುವವರೂ ಇರಲಿಲ್ಲ, ರಾತ್ರಿ ಕತೆ ಹೇಳುವವರೂ ಇರಲಿಲ್ಲ, ಆಣೆಕಲ್ಲು ಆಡುವಾಗ ಬೇಕೆಂತಲೇ ಸೋಲುವವರಂತೂ ಇರಲೇ ಇಲ್ಲ.

ಆದರೆ ಬುತ್ತಿ ಒಯ್ದು ಕೊಟ್ಟುಬಂದ ಶಂಕ್ರಪ್ಪಕಾಕಾ, ಅಪ್ಪನ ತಮ್ಮ, ಸಪ್ಪೆ ಮುಖ ಹೊತ್ತು ಬಂದ.

"ಬೀಗತಿ ಏನಂದ್ಲು?" ಅಮ್ಮ ಕೇಳಿದಳು.

"ಏನಂತಾಳ? 'ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕು, ಖರೆ. ಆದ್ರ ಆ ಮೂಲಿಗೆ ನನ್ನ ಸೊಸಿನ್ನ ಕಳಸಂಗಿಲ್ಲ. ಹುಣ್ಣಿವಿ ಆದಮ್ಯಾಲ ನಾನ ಬಂದು ನೋಡ್ತೀನಿ. ನೆಲಾ ಪಸಂದ ಆತು, ಕುಬಸಾ ಮಾಡಿ ಕಳಸ್ತೀನಿ. ಇಲ್ಲಂದ್ರ ಇಲ್ಲೇ ಹಡೀತಾಳ' ಅಂದ್ಲು."

ಕುಬಸವೆಂದರೆ ಬಸುರಿಗೆ ಹೊಸ ಸೀರೆ ಉಡಿಸಿ ಮಾಡುವ ಸೀಮಂತ. ನಾನು ಅಮ್ಮನ ಕಡೆ ನೋಡಿದೆ. ಅವಳಿಗೆ ಸಿಟ್ಟು ಬರುತ್ತದೆ, ಬೀಗತಿಗೆ ಬೈಯುತ್ತಾಳೆ ಎಂದುಕೊಂಡಿದ್ದೆ. ಅಮ್ಮ ಬೈಯಲಿಲ್ಲ. "ಆಕಿ ಅಂದದ್ದರಾಗ ತಪ್ಪೇನೈತಿ?" ಎಂದು ಸೆರಗು ಬಿಗಿದುಕೊಂಡು ಎದ್ದಳು. "ಮೌಲಾಸಾಬನ್ನ ಕರಿ ಹೋಗು. ಹಿತ್ತಲದಾಗ ಖೋಲಿ ಕಟ್ಟಸೋದು. ನೆಲ ಗಚ್ಚಿಂದು."

ಗಚ್ಚೆಂದರೆ ಸುಣ್ಣ, ಉಸುಕು, ಸಣ್ಣ ಕಲ್ಲು ಕೂಡಿಸಿ, ಬೆಲ್ಲದ ನೀರು ಚಿಮುಕಿಸಿ, ದಿನಗಟ್ಟಲೆ ಬಡಿದು ಗಟ್ಟಿ ಮಾಡುವ ನೆಲ. ಮೌಲಾಸಾಬ ನಮ್ಮ ಸುತ್ತಿನ ಹೆಸರಾದ ಗೌಂಡಿ. ಸುತ್ತಲಿನ ಕಚೇರಿ, ಬಾವಿ, ಮಠಗಳ ಗಚ್ಚೆಲ್ಲ ಅವನ ಕೈಯದು. ಮೆಹಂದಿ ಹಚ್ಚಿದ ಗಡ್ಡ, ಕಿವಿಯ ಸಂದಿಯಲ್ಲಿ ಸದಾ ಒಂದು ಬೀಡಿ. ಬಂದವನೇ ಅಡುಗೆಮನೆಯ ಗೋಡೆಗೆ ಹತ್ತಿಕೊಂಡಂತೆ ಬೂದಿಯಿಂದ ಗೆರೆ ಎಳೆದು ಖೋಲಿಯ ಜಾಗ ಗುರುತು ಮಾಡಿದ. ಹುಣ್ಣಿಮೆಯ ಮಾತು ಕೇಳಿದ ಮೇಲೆ ಬೀಡಿ ಕೈಗೆ ತೆಗೆದುಕೊಂಡ.

"ಆಗಂಗಿಲ್ರಿ ಅಮ್ಮಾ. ಗಚ್ಚು ಅಂದ್ರ ಗಡಿಬಿಡಿ ಕೆಲಸಲ್ಲ. ಸುಣ್ಣ ನೆನೀಬೇಕು, ಕೊಳೀಬೇಕು, ಗಾಣದಾಗ ಬೀಳಬೇಕು, ಆಮ್ಯಾಲ ಹೆಣ್ಮಕ್ಕಳು ಬಡೀಬೇಕು. ಮುಂದಿನ ಹುಣ್ಣಿವಿ ಕೇಳ್ರಿ, ಮಾಡ್ತೀನಿ."

"ಕೂಸಿಗೆ ಒಂದೀಟು ನಿಂದ್ರಪಾ ಅನ್ನಲೇನೋ?"

ಆಗ ಶಂಕ್ರಪ್ಪಕಾಕಾ ಆ ಹೊಸ ಶಬ್ದ ತೆಗೆದ. "ಸಿಮಿಟು ತಂದ್ರ?"

ನಮ್ಮಲ್ಲಿ ಯಾರೂ ಸಿಮಿಟು ನೋಡಿರಲಿಲ್ಲ. ರೈಲಿನ ಸೇತುವೆಗೆ ಹಾಕುತ್ತಾರಂತೆ, ಸುಣ್ಣಕ್ಕಿಂತ ಗಟ್ಟಿಯಂತೆ, ಹೊಳೆಯಾಚೆ ಹೊಸಪೇಟೆಯಲ್ಲಿ ಸಿಗುತ್ತದಂತೆ. ಎಲ್ಲವೂ ಅಂತೆಯೇ. ಕಾಕಾನಿಗೆ ಇಷ್ಟು ಸಾಕಾಗಿತ್ತು. ಮರುದಿನ ನಸುಕಿಗೇ ಬಂಡಿ ಹೂಡಿದ.

ಅವನು ತಿರುಗಿ ಬರುವ ಹೊತ್ತು ಇಂದಿಗೂ ನನ್ನೊಳಗೆ ಕುಣಿಯುತ್ತದೆ. ಬಂಡಿಯ ಗೆಜ್ಜೆ ಕೇಳಿದ್ದೇ ನಾವು ಹುಡುಗ ಹುಡುಗಿಯರೆಲ್ಲ ಊರ ಅಗಸೆಬಾಗಿಲವರೆಗೆ ಓಡಿದೆವು. ಬಂಡಿಯಲ್ಲಿ ಎರಡು ಚೀಲ. ಈರಕ್ಕ ಮೂರು ಅನ್ನುತ್ತಿದ್ದಳು, ಆದರೆ ಅವಳು ನೋಡಿದ್ದು ಮಂಗಳೂರಿನಲ್ಲಿ ಕುಳಿತು. ಎಂಥ ದಪ್ಪ ಸಣಬಿನ ಚೀಲಗಳು! ಹೊಲಿಗೆಯ ಸಂದಿಯಿಂದ ಬೂದು ಹಿಟ್ಟು ಸುರಿದು ಕಾಕಾನ ಮೀಸೆ, ಹುಬ್ಬು, ಎತ್ತಿನ ಬಾಲ ಎಲ್ಲವೂ ಮುದಿಯಾಗಿದ್ದವು. ಓಣಿಯ ಜನ ಬಂಡಿ ಸುತ್ತುವರಿದರು.

"ನಾಕೆದಾಗ ಕರೋಡಗಿರಿಯವ ಹಿಡದು ನಿಂದ್ರಿಸಿದ," ಕಾಕಾ ಬಂಡಿಯ ಮೇಲೆ ನಿಂತೇ ಶುರುಮಾಡಿದ. "ಹೊಳಿ ಆಚಿ ಬ್ಯಾರೆ ಸರಕಾರದ ಮಾಲು ಅಂದ್ರ ಸುಂಕ ಇಲ್ದ ಬಿಡ್ತಾನೇನು? ಚೀಲದಾಗ ಕೈ ಹಾಕಿ 'ಯೇ ಕ್ಯಾ ಹೈ, ರಾಖ್?' ಅಂದ. ಬೂದಿ ಅಲ್ರಿ ಸಾಹೇಬರ, ಕಲ್ಲು ಅಂದೆ. 'ಕಲ್ಲು ಹಿಂಗ ಇರತೈತೇನೋ ಹುಚ್ಚಾ?' ಅಂದ. ನಾಳಿಗಿ ಆಗತೈತ್ರಿ ಅಂದೆ. ನಕ್ಕೋತ ಬಿಟ್ಟ!"

ಅಲ್ಲಿದ್ದವರೂ ನಕ್ಕರು. ಗಚ್ಚು ಬಡಿಯುವ ಹೆಂಗಸರ ಮುಖ್ಯಸ್ಥೆ ಹನಮವ್ವ ಚೀಲದ ಮೇಲಿಂದ ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡಳು. "ಉಪ್ಪಿಲ್ಲ, ಹುಳಿಲ್ಲ. ಇದಕ್ಕ ಹೊಳಿ ದಾಟಿ ಹೋಗಿದ್ದೇನ ಶಂಕ್ರಪ್ಪ?" ಎಂದು ಉಗುಳಿದಳು. ನಾನು ಮೂಸಿ ನೋಡಿದೆ. ಮಳೆ ಬಿದ್ದ ಹೊಸದರಲ್ಲಿ ಕಾದ ಕಲ್ಲು ಬಿಡುವ ವಾಸನೆ, ಜೊತೆಗೆ ಹೊಸ ಚೀಲದ ಎಣ್ಣೆಯ ನಾತ.

ಮರುದಿನ ಹಿತ್ತಲು ಮದುವೆ ಮನೆಯಾಯಿತು. ನಾವು ಮಕ್ಕಳು ಹಳ್ಳದಿಂದ ಬುಟ್ಟಿಯಲ್ಲಿ ಉಸುಕು ಹೊತ್ತೆವು. ಗಂಡಸರು ಕಲ್ಲು ಒಡೆದು ಖಡಿ ಮಾಡಿದರು. ಖಡಿಯ ರಾಶಿಯಲ್ಲಿ ದುಂಡಗಿನವನ್ನು ಆರಿಸಿ ನಾನು ಆಣೆಕಲ್ಲಿಗೆಂದು ಲಂಗದಲ್ಲಿ ಕಟ್ಟಿಕೊಂಡಾಗ ಅಮ್ಮ ಕಂಡಳು. "ಪಾರೀ, ಅಕ್ಕನ ನೆಲದಾಗಿಂದು ಕದೀತಿ ಏನ? ಹಾಕು ಅಲ್ಲೆ." ಹಾಕಿದೆ. ಅವ್ವ ಎಲ್ಲರಿಗೂ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿಮೆಣಸಿನಕಾಯಿ ಖಾರ ಕೊಟ್ಟಳು. ಮಜ್ಜಿಗೆಯ ಗಡಿಗೆ ಬೇವಿನ ನೆರಳಲ್ಲಿ ಬರಿದಾಗುತ್ತಲೇ ಇತ್ತು, ತುಂಬುತ್ತಲೇ ಇತ್ತು.

ಈಗ ಇಲ್ಲಿ ನಿಲ್ಲಬೇಕು, ಏಕೆಂದರೆ ಮುಂದೆ ನಡೆದದ್ದು ಈಗಿನವರಿಗೆ ನಗೆಯಾಗಿ ಕಾಣುತ್ತದೆ. ನಮಗದು ಬುದ್ಧಿವಂತಿಕೆಯೇ ಆಗಿತ್ತು. ಸುಣ್ಣ ಮಾತ್ರ ಗೊತ್ತಿದ್ದ ಜನ ನಾವು. ಸುಣ್ಣ ಎಷ್ಟು ದಿನ ನೀರಲ್ಲಿ ನೆನೆದರೆ ಅಷ್ಟು ಒಳ್ಳೆಯದು. ಹಾಗಿದ್ದ ಮೇಲೆ ಸುಣ್ಣಕ್ಕಿಂತ ಹೆಚ್ಚಿನದಾದ ಸಿಮಿಟನ್ನು ನೆನೆಸದೆ ಇಡುವುದುಂಟೆ?

"ಅಂಗಡ್ಯಾವ ಏನ ಹೇಳಿದ ಶಂಕ್ರಪ್ಪಾ? ಎಷ್ಟ ದಿನಾ ನೆನೀಬೇಕಂತ?" ಮೌಲಾಸಾಬ ಕೇಳಿದ.

"ಉಸುಕು, ಖಡಿ, ನೀರು ಹಾಕಿ ಕಲಸು ಅಂದ. ನೆನಸೋದರ ಮಾತ ತಗೀಲಿಲ್ಲ."

"ಅದೇನ ಹೇಳೂ ಮಾತ? ಎಲ್ಲಾರಿಗೂ ಗೊತ್ತಿದ್ದದ್ದ."

"ಹಂಗಾದ್ರ ಒಂದು ರಾತ್ರಿ ಇಡೋಣೇನು?"

"ಎರಡು ಇಡ್ರೋ," ಅಮ್ಮ ಬಾಗಿಲಲ್ಲಿ ನಿಂತು ಹೇಳಿದಳು. "ಹೊಳಿ ಆಚಿಂದ ತಂದ ಸಾಮಾನು, ಹಸೀದ ಉಳೀಬಾರದು. ಉದ್ದು ಒಂದು ರಾತ್ರಿ ನೆನೀತೈತಿ, ಇದು ಕಲ್ಲಿನ ಜಾತಿ."

ಕೊನೆಗೆ ಒಂದು ರಾತ್ರಿಗೆ ಒಪ್ಪಂದವಾಯಿತು. ನೆನೆಸಲು ಹೊಂಡ ಬೇಕಲ್ಲ. ಬಂಡೆಯ ನೆಲದಲ್ಲಿ ಅಗೆಯುವ ಮಾತಿಲ್ಲ. ಹಿತ್ತಲಿನ ಆಚೆ ಮೂಲೆಯಲ್ಲಿ, ಬೇವಿನ ಮರದ ಪಕ್ಕ, ಒಂದು ಅಗಲ ಹಾಸುಬಂಡೆ ಇತ್ತು. ಅದರ ಮೇಲೆ ಸುತ್ತಲೂ ಮಣ್ಣಿನ ಒಡ್ಡು ಕಟ್ಟಿ, ಎರಡು ಮಂಚ ಹಿಡಿಯುವಷ್ಟು ದೊಡ್ಡ ತೊಟ್ಟಿ ಮಾಡಿದರು. ಸಿಮಿಟು, ಉಸುಕು, ಖಡಿ ಎಲ್ಲವನ್ನೂ ಅದರಲ್ಲಿ ಸುರಿದು, ನೀರು ಹೊಯ್ದು, ಸಲಿಕೆಯಿಂದ ಕಲಸಿ, ಕೈಯಿಂದ ಸಮ ಮಾಡಿ, ಮೇಲೆ ಶೇಂಗಾದ ಒದ್ದೆ ಚೀಲ ಹೊದಿಸಿದರು. ಬೆಲ್ಲದ ನೀರನ್ನೂ ಹಾಕುವವರಿದ್ದರು. ಅಮ್ಮ ತಡೆದಳು. "ಈಗ ಹಾಕಿದ್ರ ಇರಿವಿ ಮುತ್ತತಾವ. ಮುಂಜಾನಿ ಬಡಿಯೂ ಮುಂದ ಹಾಕೋಣು." ಬೆಲ್ಲ ಬಿದ್ದರೆ ಸಿಮೆಂಟು ಗಟ್ಟಿಯಾಗುವುದೇ ಇಲ್ಲ ಎಂದು ನನಗೆ ಬಹಳ ವರ್ಷಗಳ ಮೇಲೆ ರಸಾಯನಶಾಸ್ತ್ರ ಕಲಿಸುವ ಗೆಳತಿಯೊಬ್ಬಳು ಹೇಳಿದಳು. ಇರುವೆಗಳಿಗೆ ನಮ್ಮ ಮನೆತನ ಎಷ್ಟು ಋಣಿ ಎಂದು ಅಂದೇ ತಿಳಿದದ್ದು.

ಬೆಳಗಾಯಿತು. ಹನಮವ್ವ ತನ್ನ ಹೆಂಗಸರನ್ನು ಕಟ್ಟಿಕೊಂಡು, ಎಲ್ಲರ ಹೆಗಲ ಮೇಲೂ ಬಡಿಯುವ ಕೊಡತಿ, ಹಾಡುತ್ತಲೇ ಹಿತ್ತಲಿಗೆ ಬಂದಳು. ಮೌಲಾಸಾಬ ಚೀಲ ಸರಿಸಿ ಸಲಿಕೆ ಹಾಕಿದ. ಖಣ್ ಎಂದಿತು. ಇನ್ನೊಂದು ಕಡೆ ಹಾಕಿದ. ಅಲ್ಲೂ ಖಣ್. ಅವನು ಸಲಿಕೆಯ ತುದಿಯನ್ನು ನೋಡಿದ, ಸಲಿಕೆಯದೇ ತಪ್ಪು ಎಂಬ ಹಾಗೆ.

ಹನಮವ್ವ ಕೊಡತಿಯಿಂದ ಒಂದು ಏಟು ಹಾಕಿದಳು. ಕೊಡತಿ ಮೇಲಕ್ಕೆ ಹಾರಿತು. "ಯವ್ವಾ! ನಾವು ಬಡಿಯಾಕ ಬಂದ್ರ ಇದ ನಮ್ಮನ್ನ ಬಡೀತೈತಲ್ಲ!"

ಒಂದಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಖೋಲಿಯ ಗೆರೆ ಅಡುಗೆಮನೆಯ ಗೋಡೆಯ ಹತ್ತಿರ. ನೆಲ ಕಲ್ಲಾಗಿ ಬಿದ್ದದ್ದು ಹಿತ್ತಲಿನ ಆಚೆ ಮೂಲೆಯಲ್ಲಿ. ಚೀಲಗಳು ಖಾಲಿ. ಹುಣ್ಣಿಮೆ ಹತ್ತಿರ ಬಂದಿತ್ತು. ಕಾಕಾ ಮತ್ತೆ ಹೊಸಪೇಟೆಗೆ ಹೋಗುತ್ತೇನೆಂದ, ಆದರೆ ಅಂಗಡಿಯವನ ಬಳಿಯಿದ್ದ ಮಾಲೆಲ್ಲ ಮುಗಿದದ್ದನ್ನು ತಾನೇ ಕಂಡು ಬಂದಿದ್ದ.

"ಅಲ್ಲಾ, ಇದೆಂಥಾ ಮಾಲಪ್ಪ," ಮೌಲಾಸಾಬ ಬಂಡೆಯ ಅಂಚಿಗೆ ಕುಳಿತುಬಿಟ್ಟ. "ನನ್ನ ಜನ್ಮದಾಗ ಹೇಳದಾ ಕೇಳದಾ ಕಲ್ಲಾದದ್ದು ನೋಡಿಲ್ಲ."

"ನಾಳಿಗಿ ಕಲ್ಲು ಆಗತೈತಿ ಅಂತ ನಾಕೆದವಗ ಹೇಳಿದ್ನೆಲ್ಲ," ಕಾಕಾ ಗೊಣಗಿದ. "ನನ್ನ ಮಾತು ನಾನ ಕೇಳಲಿಲ್ಲ."

ನಾನು ಅಳುತ್ತಿದ್ದೆ. ಇದು ಖಂಡಿತ ನನ್ನ ನೆನಪೇ, ಏಕೆಂದರೆ ಹನಮವ್ವ ನನ್ನನ್ನು ಎತ್ತಿಕೊಂಡಾಗ ಅವಳ ಸೀರೆಯ ಸುಣ್ಣದ ಘಾಟು ಮೂಗಿಗೆ ಬಡಿದದ್ದು ಯಾರು ಹೇಳಿಯೂ ತಿಳಿಯುವಂಥದ್ದಲ್ಲ. ಈರಕ್ಕ ಬರುವುದಿಲ್ಲ, ಅಷ್ಟೇ ನನಗೆ ಗೊತ್ತಿದ್ದದ್ದು.

ಆಗ ಯಾರೋ ಹೇಳಿದರು, "ನೆಲ ಎಲ್ಲಿ ಐತಿ, ಅಲ್ಲೇ ಖೋಲಿ ಕಟ್ರೆಲ್ಲ."

ಯಾರು? ನಲವತ್ತು ದಾಟುವವರೆಗೂ ಅದನ್ನು ಹೇಳಿದವಳು ನಾನೇ ಎಂದು ನಂಬಿದ್ದೆ. ಹನಮವ್ವನ ಸೊಂಟದ ಮೇಲೆ ಕುಳಿತು ಹೇಳಿದೆನೆಂದು, ಎಲ್ಲರೂ ನನ್ನತ್ತ ತಿರುಗಿದರೆಂದು. ಕಾಕಾ ಸಾಯುವವರೆಗೂ ಅದು ತನ್ನ ಮಾತೆಂದ. ಈರಕ್ಕನ ಕತೆಯಲ್ಲಿ ಹೇಳುವವಳು ಅಮ್ಮ. ಒಂದು ಮಾತಿಗೆ ಇಷ್ಟು ಜನ ಒಡೆಯರಾದರೆ, ಆ ಮಾತು ಎಲ್ಲರ ಬಾಯಲ್ಲೂ ಒಟ್ಟಿಗೇ ಬಂದಿತ್ತೋ ಏನೋ. ಆ ಕ್ಷಣದ ಮೇಲಿನ ಗದ್ದಲ ಮಾತ್ರ ನಿಚ್ಚಳವಾಗಿದೆ. ಮೌಲಾಸಾಬ ಚಂಗನೆ ಎದ್ದ, ಒಡ್ಡಿನ ಮಣ್ಣನ್ನು ಕಾಲಿನಿಂದಲೇ ಒದ್ದು ಕೆಡವಿದ. ಹಾಸುಬಂಡೆಯ ಮೇಲೆ, ಅದಕ್ಕೇ ಹುಟ್ಟಿದಂತೆ ಅಂಟಿಕೊಂಡು, ನಾಲ್ಕು ಬೆರಳು ದಪ್ಪದ ಬೂದು ಕಟ್ಟೆ ನಿಂತಿತ್ತು.

"ಸಣ್ಣದಾತಲ್ಲೋ?" ಎಂದಳು ಅಮ್ಮ.

"ಬಾಣಂತಿ ಒಬ್ಬಾಕಿ, ಕೂಸು ಒಂದು. ಪಂಚಾಯ್ತಿ ಕೂಡಸಾಕೇನ್ರಿ?" ಮೌಲಾಸಾಬನ ದನಿ ಮರಳಿ ಬಂದಿತ್ತು.

ಮೇಲ್ಮೈ ಮಾತ್ರ ಒರಟು. ಖಡಿಯ ಮೂತಿಗಳು ಎದ್ದಿದ್ದವು, ಮೇಲೆಲ್ಲ ಚೀಲದ ನೇಯ್ಗೆ ಒತ್ತಿತ್ತು. ಬಡಿಯಲು ಬಂದವರು ಕೊಡತಿ ಬದಿಗಿಟ್ಟು ತಿಕ್ಕಲು ಕುಳಿತರು. ಒಬ್ಬೊಬ್ಬರ ಕೈಗೂ ಒಂದು ಒರಟು ಕಲ್ಲು, ನಡುವೆ ಉಸುಕು, ಮೇಲೆ ನೀರು. ಬಡಿಯುವ ಹಾಡು ತಿಕ್ಕಲು ಒಗ್ಗಲಿಲ್ಲ. ಹನಮವ್ವ ಒಂದೆರಡು ಸಲ ಎಡವಿ, ಆಮೇಲೆ ಹಾಡನ್ನು ಎಳೆದು ಎಳೆದು, ತೊಟ್ಟಿಲು ತೂಗುವ ಹಾಗೆ ಮಾಡಿಕೊಂಡಳು. ನಾನೂ ಅವರ ಸಾಲಿನಲ್ಲಿ ಮೊಣಕಾಲೂರಿ ತಿಕ್ಕಿದೆ. ಬೂದು ನೀರು ಮೊಣಕೈಯಿಂದ ಇಳಿಯುತ್ತಿತ್ತು. ಅಂಗೈ ಉರಿದರೂ ಕಲ್ಲು ಬಿಡಲಿಲ್ಲ.

"ಗಟ್ಟಿ ತಿಕ್ಕವ್ವ ಪಾರೀ," ಹನಮವ್ವ ಕೆಣಕಿದಳು. "ನಾಳೆ ನೀನೂ ಇದರ ಮ್ಯಾಲ ಮಲಗಾಕಿ ಅದೀ."

"ನಾ ಮದುವಿ ಆಗಂಗಿಲ್ಲ!"

"ಹಂಗಂದಾಕಿ ನಾನೂ. ನೋಡು, ನಾಕು ಮಕ್ಕಳು."

ತಿಕ್ಕಿದ ಹಾಗೆಲ್ಲ ಕಲ್ಲಿನ ಹೊಟ್ಟೆ ಕಾಣಿಸಿತು, ಬಿಳಿ, ಕೆಂಪು, ಕರಿ ಚುಕ್ಕೆಗಳು. ಸುತ್ತ ಗೋಡೆ ಎದ್ದಿತು. ಮೇಲೆ ಬಿದಿರು, ಅದರ ಮೇಲೆ ಜೋಳದ ಕಣಕಿ. ಗಾಳಿ ಹೊಗದಂತೆ ಒಂದೇ ಗಿಡ್ಡ ಬಾಗಿಲು. ನಾವು ಮಕ್ಕಳು ಸರದಿಯ ಮೇಲೆ ಒಳಗೆ ಹೋಗಿ ಬರಿಮೈಯಲ್ಲಿ ಆ ನೆಲದ ಮೇಲೆ ಮಲಗಿ ತಂಪು ನೋಡಿ ಬರುತ್ತಿದ್ದೆವು.

ಹುಣ್ಣಿಮೆ ಕಳೆದು ಬೀಗತಿ ಬಂದಳು. ಬಂಡಿಯಿಂದ ಇಳಿದವಳು ಕಾಲು ತೊಳೆದುಕೊಂಡಳು, ಕುಡಿಯಲು ಕೊಟ್ಟ ಪಾನಕವನ್ನು ಪಕ್ಕಕ್ಕೆ ಸರಿಸಿದಳು.

"ಮದಲ ನೆಲ ತೋರಸ್ರಿ ಬೀಗರ."

ಗಿಡ್ಡ ಬಾಗಿಲಲ್ಲಿ ಬಗ್ಗಿ ಒಳಗೆ ಹೋದಳು. ನಾವೆಲ್ಲ ಬಾಗಿಲಲ್ಲಿ ಒತ್ತಿ ನಿಂತೆವು. ಅವಳು ಕಸಬರಿಗೆಯ ಒಂದು ಕಡ್ಡಿ ಕೇಳಿ ಪಡೆದು, ನೆಲದ ಮೇಲೆ ಕುಳಿತು, ಅಂಗುಲ ಅಂಗುಲವಾಗಿ ಚುಚ್ಚುತ್ತ ಬಂದಳು. ಕಡ್ಡಿ ಎಲ್ಲೂ ಇಳಿಯಲಿಲ್ಲ. ಅಂಗೈಯಿಂದ ಸವರಿದಳು. "ಛಲೋ ಐತಿ," ಎಂದಳು, ಮನಸ್ಸಿಲ್ಲದ ಮನಸ್ಸಿನಿಂದ. ಕಾಕಾ ನನ್ನ ಜಡೆ ಜಗ್ಗಿದ. ಅಷ್ಟರಲ್ಲಿ ಅವಳು ಗೋಡೆಯ ಬುಡಕ್ಕೆ ಸರಿದಳು.

ಕಡ್ಡಿ ಸರ್ರನೆ ಒಳಗೆ ಹೋಯಿತು.

ಒಡ್ಡಿನ ಮಣ್ಣು ಕೆಡವಿದ ಜಾಗದಲ್ಲಿ, ನೆಲಕ್ಕೂ ಗೋಡೆಗೂ ನಡುವೆ ಬೆರಳ ಅಗಲದ ಸಂದು ಉಳಿದಿತ್ತು. ಮೌಲಾಸಾಬ ಅದಕ್ಕೆ ಮಣ್ಣು ತುಂಬಿದ್ದ, ಮಣ್ಣು ಒಣಗಿ ಇಳಿದಿತ್ತು. ಬೀಗತಿ ಕಡ್ಡಿಯನ್ನು ಹೊರಗೆಳೆದು ನಮ್ಮೆಲ್ಲರ ಮುಂದೆ ಎತ್ತಿ ಹಿಡಿದಳು. ಅರ್ಧಕ್ಕರ್ಧ ಮಣ್ಣು ಮೆತ್ತಿತ್ತು.

"ಇಷ್ಟು ಸಾಕಲ್ರಿ ಅದಕ್ಕ," ಎಂದಳು. ಯಾವುದಕ್ಕೆ ಎಂದು ಹೇಳಲಿಲ್ಲ.

ಅದುವರೆಗೆ ಎಲ್ಲರ ಹಿಂದೆ ನಿಂತಿದ್ದ ಅವ್ವ ತಟ್ಟನೆ ಮನೆಯೊಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಮುಚ್ಚಳದ ಗಡಿಗೆ. ಖಾಲಿ ಚೀಲಗಳನ್ನು ಬಿಸಾಡುವ ಮೊದಲು ಅವಳು ಯಾರಿಗೂ ಹೇಳದೆ ಅವನ್ನು ಝಾಡಿಸಿ, ಹಿಟ್ಟಿನ ಚೀಲ ಝಾಡಿಸುವ ಹಾಗೆ, ಉಳಿದ ಸಿಮಿಟನ್ನು ಅದರಲ್ಲಿ ಕೂಡಿಟ್ಟಿದ್ದಳು. ನಮ್ಮ ಅವ್ವ ಯಾವತ್ತೂ ದೊಡ್ಡವರ ಮುಂದೆ ದನಿ ಎತ್ತಿದವಳಲ್ಲ. ಆ ದಿನವೂ ಎತ್ತಲಿಲ್ಲ. ಮೆಲ್ಲಗೆ ಹೇಳಿದಳು.

"ಬೀಗರ, ನೀವು ಇಲ್ಲೇ ಕುಂದರ್ರಿ. ನಿಮ್ಮ ಕಣ್ಣ ಮುಂದ ತುಂಬತೀನಿ. ಮುಂಜಾನಿ ನೋಡ್ರಿ. ಕಡ್ಡಿ ಇಳಿದ್ರ ನನ್ನ ಮಗಳನ್ನ ಕಳಸಬ್ಯಾಡ್ರಿ. ನಾನ ಬ್ಯಾಡ ಅಂತೀನಿ."

"ನೆನಸಬೇಕಲ್ಲವ್ವ..." ಮೌಲಾಸಾಬ ಬಾಯಿ ತೆರೆದ.

"ಸುಮ್ನಿರೋ ಮಾರಾಯಾ!" ಕಾಕಾ, ಹನಮವ್ವ, ಅಮ್ಮ ಮೂವರೂ ಒಂದೇ ಉಸಿರಿಗೆ ಕೂಗಿದರು.

ಅವ್ವ ಮೊದಲು ಸಂದಿನ ಸಡಿಲ ಮಣ್ಣನ್ನೆಲ್ಲ ಬೆರಳಿನಿಂದ ಕೆರೆದು ತೆಗೆದಳು. ಪರಾತದಲ್ಲಿ ಸಿಮಿಟಿಗೆ ಉಸುಕು ಬೆರೆಸಿ, ಒಂದೊಂದು ಮುಷ್ಟಿಯಷ್ಟೇ ರೊಟ್ಟಿಯ ಹಿಟ್ಟಿನ ಹಾಗೆ ನಾದಿ, ನಾದಿದ್ದನ್ನು ತಕ್ಷಣ ತುಂಬಿದಳು. ಮತ್ತೆ ಒಂದು ಮುಷ್ಟಿ. ಬೆರಳಿನಿಂದ ಒತ್ತಿದಳು, ಉಗುರಿನಿಂದ ಒತ್ತಿದಳು, ಗೋಡೆಯ ನಾಲ್ಕೂ ಬುಡ ಸುತ್ತಿ ಬಂದಳು. ಅಷ್ಟು ಹೊತ್ತೂ ಬೀಗತಿ ಪಕ್ಕದಲ್ಲಿ ಕುಳಿತು ನೋಡಿದಳು. ಅರ್ಧ ಸುತ್ತು ಬಂದಾಗ ನೀರಿನ ತಂಬಿಗೆಯನ್ನು ಅವಳೇ ಎತ್ತಿಕೊಂಡು ಅವ್ವನ ಕೈ ಮೇಲೆ ಹನಿಸತೊಡಗಿದಳು. ಬೀಗತಿ ಆ ರಾತ್ರಿ ನಮ್ಮಲ್ಲೇ ಉಳಿದಳು, ಪಕ್ಕಕ್ಕೆ ಸರಿಸಿದ್ದ ಪಾನಕವನ್ನೂ ಕುಡಿದಳು.

ಬೆಳಗ್ಗೆ ಮುಖ ತೊಳೆಯುವ ಮೊದಲೇ ಎಲ್ಲರೂ ಖೋಲಿಯ ಮುಂದೆ. ಬೀಗತಿ ಹೊಸ ಕಡ್ಡಿ ಹಿರಿದುಕೊಂಡು ಸಂದಿಗೆ ಚುಚ್ಚಿದಳು. ಕಡ್ಡಿ ಬಾಗಿತು. ಒತ್ತಿದಳು. ಟಕ್ ಎಂದು ಮುರಿಯಿತು.

ಅವಳು ಮುರಿದ ತುಂಡನ್ನು ನೋಡಿ, ಅವ್ವನನ್ನು ನೋಡಿ, "ಕುಬಸದ ಸೀರಿ ಹಸರಂದು ತರ್ರಿ, ಹುಡುಗಿಗಿ ಒಪ್ಪತೈತಿ," ಎಂದಳು.

ನಾನು ಕೂಗಿದ ಕೂಗಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದವಂತೆ. ಇದು ಈರಕ್ಕನ ಕತೆಯಲ್ಲಿ ಇರುವುದು, ನನ್ನ ನೆನಪಲ್ಲಿ ಇಲ್ಲ. ಆದರೂ ಇರಲಿ, ಬಿಡುತ್ತೇನೆ.

ಈರಕ್ಕ ಹಸಿರು ಸೀರೆಯಲ್ಲಿ ಬಂದಳು. ಮೊದಲ ಮಳೆಗೆ ಹೆಣ್ಣು ಮಗು ಹುಟ್ಟಿತು. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಬಜೆ ಮತ್ತು ಬೆಳ್ಳುಳ್ಳಿ ಸಿಪ್ಪೆಯ ಹೊಗೆ, ಎಳೆಗೂಸಿನ ಎಣ್ಣೆನೀರಿನ ವಾಸನೆ. ನನಗೆ ಒಳಗೆ ಹೋಗಲು ಅಪ್ಪಣೆಯಿರಲಿಲ್ಲ. ಬಾಗಿಲಲ್ಲಿ ಕುಳಿತೇ ಅಕ್ಕನೊಂದಿಗೆ ಆಣೆಕಲ್ಲು ಆಡಿದೆ. ನಾನು ಹೊರಗಿನಿಂದ ಕಲ್ಲು ಎಸೆಯುವುದು, ಅವಳು ಒಳಗೆ ಹಿಡಿಯುವುದು. ಅವ್ವ ದಿನಕ್ಕೆ ಹತ್ತಾರು ಸಲ ಒಳಗೆ ಹೋಗುತ್ತಿದ್ದಳು, ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಕೆಳಗೆ ಕುಳಿತು ಬಿರುಕು ಮುಟ್ಟಿ ನೋಡಿದ್ದನ್ನು ಆಮೇಲೆ ನಾನು ಕಂಡಿಲ್ಲ. ಕಂಡಿಲ್ಲ ಎಂದಷ್ಟೇ ಹೇಳಬಲ್ಲೆ.

ಕೆಲವೇ ವರ್ಷಗಳಲ್ಲಿ ಸಿಮೆಂಟು ಎಲ್ಲರ ಮನೆಗೂ ಬಂತು. ಮೌಲಾಸಾಬನ ಮಕ್ಕಳೇ ಅದನ್ನು ಕಲಿತು ನಡೆಸಿದರು. ಇಬ್ಬರು ಗಂಡಾಳು ಒಂದು ದಿನದಲ್ಲಿ ಮುಗಿಸುವ ಕೆಲಸಕ್ಕೆ ಹನಮವ್ವನ ಸಾಲನ್ನು ಕರೆಯುವವರು ಯಾರು? ಕೊಡತಿಗಳು ಒಲೆಗೆ ಹೋದವು. ಬಂಡಿಯಿಂದ ಇಳಿದ ಆ ಎರಡು ಚೀಲಗಳ ಸುತ್ತ ಕೂಡಿದವರಲ್ಲಿ ಹನಮವ್ವನೂ ಇದ್ದಳು ಎಂಬುದು ನನ್ನನ್ನು ಕೆಲವು ಸಲ ಕಾಡುತ್ತದೆ. ಆ ಹಾಡನ್ನು ಬರೆದಿಡಲು ಎಷ್ಟೋ ಸಲ ಕುಳಿತಿದ್ದೇನೆ. ಲಯ ಬರುತ್ತದೆ, ಕೈ ತಾನಾಗಿ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ. ಮಾತು ಒಂದೂ ಬರುವುದಿಲ್ಲ.

ಹನಮವ್ವ ಹೇಳಿದಂತೆ ನಾನೂ ಮದುವೆಯಾದೆ. ಚೊಚ್ಚಲ ಹೆರಿಗೆಗೆ ಊರಿಗೆ ಹೋಗಲಿಲ್ಲ. ಹೈದರಾಬಾದಿನ ದೊಡ್ಡ ಆಸ್ಪತ್ರೆಯೇ ಸುರಕ್ಷಿತ ಎಂದು ನಾನೇ ಹಟ ಹಿಡಿದೆ, ಅದು ಸರಿಯೂ ಆಗಿತ್ತು. ನೋವು ತುಸು ಇಳಿದಾಗ ಮಂಚದಿಂದ ಕೆಳಗೆ ನೋಡಿದೆ. ಕನ್ನಡಿಯಂಥ ನೆಲ, ಒಂದು ಕೂದಲು ಇಳಿಯುವಷ್ಟೂ ಸಂದಿಲ್ಲ, ಗೋಡೆಯ ಬುಡದಲ್ಲೂ ಇಲ್ಲ. ಯಾವ ಬೀಗತಿಯೂ ಒಪ್ಪುವಂಥದ್ದು. ನಾನು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅದು ಅಲ್ಲಿತ್ತು. ನಾನು ಬರುತ್ತೇನೆಂದು ಅದನ್ನು ಯಾರೂ ತಿಕ್ಕಿರಲಿಲ್ಲ.